ಗಾಡಿಯ ಪಾಲಿಗೆ ಒಂದೇ ಎಲೆ

ಸವಣೂರಿನ ಎಲೆ ನೀಲವ್ವ ದಿನಾ ಬೆಳಿಗ್ಗೆ ಐದು ಗಂಟೆಗೆ ಗಾಡಿ ಹತ್ತುವ ಮೊದಲು ಗಾಡಿಯ ಊಟ ತೆಗೆದಿಡುತ್ತಿದ್ದಳು. ತುಂಬಿದ ಬುಟ್ಟಿಗಳಿಂದ ವೀಳ್ಯದೆಲೆಯ ಕಟ್ಟುಗಳನ್ನು ಒಂದೊಂದಾಗಿ ಎತ್ತಿ, ತಲೆಬಾಗಿಲ ಪಕ್ಕದ ಕಟ್ಟೆಯ ಮೇಲಿದ್ದ ಹಳೆಯ ಮಣೆಯ ಮೇಲೆ ಸಾಲಾಗಿ ಜೋಡಿಸುವಳು. ಡೀಸೆಲ್ ಗಾಡಿ ಇದ್ದ ಕಾಲಕ್ಕೆ ಹದಿನಾಲ್ಕು ಕಟ್ಟು. ಕಟ್ಟಿಗೆ ನೂರು ಎಲೆ. ಅವನ್ನು ಊರ ಅಂಗಡಿಗೆ ಕೊಟ್ಟು ಬಂದ ದುಡ್ಡು ಆ ದಿನದ ಡೀಸೆಲ್‌ಗೇ ಹೋಗಬೇಕು, ಮನೆಯವರು ಯಾರೂ ಅದನ್ನು ಮುಟ್ಟುವಂತಿಲ್ಲ. ಆ ಮಣೆಯ ಮೇಲಿನದಕ್ಕೆ ಆಕೆ ಇಟ್ಟ ಹೆಸರು ‘ಗಾಡಿ ಪಾಲು.’

“ನೋಡಲೇ ಮೌಲಾ,” ಎಂದು ಒಮ್ಮೆ ನನಗೆ ಆ ಸಾಲು ತೋರಿಸಿ ಹೇಳಿದ್ದಳು. “ಈ ಮಗಾ ಹುಲ್ಲು ತಿನ್ನಂಗಿಲ್ಲ, ಹಿಂಡಿ ತಿನ್ನಂಗಿಲ್ಲ, ನನ್ನ ಎಲೀನ ತಿಂತಾನ. ಎತ್ತು ಆಗಿದ್ರ ಸಗಣಿಯರ ಹಾಕ್ತಿತ್ತು.”

ನಾನು ಸವಣೂರಿನ ವೈರಿಂಗ್ ಕೆಲಸದವ. ಮನೆಗಳಿಗೆ ವಾಯರ್ ಎಳೆಯುವುದು, ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡುವುದು, ಈಗ ಕೆಲವು ವರ್ಷಗಳಿಂದ ಮಾಳಿಗೆಯ ಮೇಲೆ ಸೋಲಾರ್ ಹಲಗೆ ಕೂರಿಸುವುದು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಕೆಲಸದಲ್ಲಿ ಯಾರಾದರೂ ಬಾಯಿ ಹಾಕಿದರೆ ಇಕ್ಕಳ ಅಲ್ಲೇ ಬಿಸಾಕಿ ಹೊರಟು ಬರುವ ಆಸಾಮಿ ನಾನು. ಅಂಥವನ ಕೆಲಸದಲ್ಲಿ ಬಾಯಿ ಹಾಕಿ, ಕೈ ಹಾಕಿ, ಕಡೆಗೆ ನನಗೇ ನನ್ನ ಕೆಲಸ ಕಲಿಸಿಕೊಟ್ಟವಳು ಒಬ್ಬಳೇ ಒಬ್ಬಳು. ನಾಲ್ಕನೆಯ ಇಯತ್ತೆ ಕೂಡ ಮುಗಿಸದ ನೀಲವ್ವ.

ಆಕೆಯ ಮನೆಯವರದು ತಲೆತಲಾಂತರದ ಎಲೆ ತೋಟ. ತೋಟದ ಎಲೆಯನ್ನು ದಿನಾ ನಾಲ್ಕೂರಿಗೆ ಮುಟ್ಟಿಸುವುದು ಆಕೆಯ ಗಂಡನ ಕೆಲಸವಾಗಿತ್ತು. ಸವಣೂರು ಬಿಟ್ಟು ಶಿಗ್ಗಾಂವಿ, ಅಲ್ಲಿಂದ ಹಾನಗಲ್ಲ, ಅಲ್ಲಿಂದ ಚಿಕ್ಕೇರೂರು, ಹಿರೇಕೆರೂರು, ಆಮೇಲೆ ಖಾಲಿ ಬುಟ್ಟಿಗಳೊಂದಿಗೆ ಹಾವೇರಿ ಹಾಯ್ದು ಮಧ್ಯಾಹ್ನಕ್ಕೆ ಮನೆ. ಇದಕ್ಕೆ ಅವರ ಮನೆಯಲ್ಲಿ ‘ಸುತ್ತು’ ಎನ್ನುತ್ತಿದ್ದರು. ಗಂಡ ತೀರಿಕೊಂಡಾಗ ಮೈದುನ ಶಿವಪ್ಪ ಸುತ್ತನ್ನು ಹೊರಗಿನ ದೊಡ್ಡ ವ್ಯಾಪಾರಿಯೊಬ್ಬನಿಗೆ ಬಿಟ್ಟುಕೊಡಲು ಹೊರಟ. ಕೆಟ್ಟ ಮನುಷ್ಯನಲ್ಲ ಶಿವಪ್ಪ. ತೋಟ ನೋಡಿಕೊಳ್ಳುವವನು ಅವನೇ. ಡೀಸೆಲ್ ಕುಡಿದು ಕುಡಿದು ಗಾಡಿ ಸುತ್ತಿನ ಲಾಭವನ್ನೆಲ್ಲ ನುಂಗುತ್ತಿದೆ, ಒಂದು ದಿನ ಎಲೆ ಹೋಗದಿದ್ದರೆ ಅಂಗಡಿಯವರು ಬೇರೆಯವರ ಹತ್ತಿರ ಹೋಗುತ್ತಾರೆ, ಆಮೇಲೆ ಕೊಯ್ದ ಎಲೆ ಬುಟ್ಟಿಯಲ್ಲೇ ಕೊಳೆಯಬೇಕು ಎಂಬುದು ಅವನ ಅಂಜಿಕೆ.

“ಸುತ್ತು ನಾ ಮಾಡ್ತೇನಿ” ಎಂದಳು ನೀಲವ್ವ. ಆಗ ಆಕೆಗೆ ನಲವತ್ತೆಂಟು. ಸ್ಟೇರಿಂಗ್ ಮುಟ್ಟಿದವಳಲ್ಲ.

ಶಿವಪ್ಪ ನಕ್ಕಿರಬೇಕು. ಆದರೆ ಆಕೆಯ ಮುಖ ನೋಡಿ ನಗು ನುಂಗಿಕೊಂಡು ಒಂದು ಕರಾರು ಹಾಕಿದ. “ಆತು ವೈನಿ. ಆದ್ರ ಒಂದ ದಿನ, ಒಂದ ಅಂದ್ರ ಒಂದ ದಿನ ಎಲಿ ತಪ್ಪಿತಂದ್ರ, ಮರುದಿನಾನ ಸುತ್ತು ಬಿಟ್ಟ ಕೊಡೂದು. ಅತ್ತು ಕರೆದು ಮಾಡಂಗಿಲ್ಲ.”

“ನಾ ಯಾವತ್ತರೆ ಅತ್ತದ್ದ ನೋಡಿ ಏನ?” ಎಂದಳಂತೆ ನೀಲವ್ವ. ಕರಾರು ಕುದುರಿತು.

ಕೂಲಿ ಡ್ರೈವರನ ಪಕ್ಕ ಕೂತು ಸುತ್ತು ಮಾಡುತ್ತಲೇ ಎರಡು ತಿಂಗಳಲ್ಲಿ ಗಾಡಿ ಕಲಿತಳು. ಹತ್ತುವ ಮೊದಲು ಚಪ್ಪಲಿ ಬಿಟ್ಟು ಬರಿಗಾಲಲ್ಲೇ ನಡೆಸುವಳು. “ಕಾಲಿಗೆ ಗೊತ್ತಾಗಬೇಕು, ಎಷ್ಟು ಒತ್ತೇನಿ ಅಂತ” ಎನ್ನುವಳು. ಆದರೆ ಮಣೆಯ ಮೇಲೆ ಹದಿನಾಲ್ಕು ಕಟ್ಟು ದಿನಾ ಕೂತೇ ಕೂರುತ್ತಿದ್ದವು. ಅವನ್ನು ನೋಡಿ ನೋಡಿ ಆಕೆಗೆ ತಲೆ ಕೆಟ್ಟಿತು. ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟ ಎಲೆಕ್ಟ್ರಿಕ್ ಕಾರೊಂದು ಮಾರಾಟಕ್ಕಿದೆ ಎಂದು ಕೇಳಿ ಒಬ್ಬಳೇ ಹೋಗಿ, ಡೀಸೆಲ್ ಗಾಡಿ ಕೊಟ್ಟು, ಮೇಲೆ ಒಂದಿಷ್ಟು ಹಾಕಿ ಅದನ್ನು ತಂದೇಬಿಟ್ಟಳು. ಹಿಂದಿನ ಸೀಟು ಕೀಳಿಸಿ ಬುಟ್ಟಿಗಳಿಗೆ ಜಾಗ ಮಾಡಿಸಿದಳು. ಗಾಡಿಯಲ್ಲಿ ಎ.ಸಿ. ಇತ್ತು. ಒಂದು ದಿನವೂ ಹಾಕಿದವಳಲ್ಲ. ಎಲೆಯ ಮೇಲೆ ಒದ್ದೆ ಗೋಣಿತಟ್ಟು, ತನ್ನ ಕಡೆ ಕಿಟಕಿಯ ಗಾಳಿ, ಅಷ್ಟೇ.

ಮನೆಯಲ್ಲೇ ಚಾರ್ಜ್ ಮಾಡಲು ದೊಡ್ಡ ಸಾಕೆಟ್ ಹಾಕಿಕೊಡು ಎಂದು ನನ್ನನ್ನು ಕರೆಸಿದ್ದು ಆಗ. ಪ್ರತ್ಯೇಕ ವಾಯರ್ ಎಳೆದು, ಅರ್ಥಿಂಗ್ ಗುಂಡಿ ತೋಡಿ, ಗಟ್ಟಿಯಾಗಿ ಮಾಡಿಕೊಟ್ಟೆ. ತಿಂಗಳು ಕಳೆದು ಬಿಲ್ಲು ಬಂದ ಮೇಲೆ ಹೋದರೆ ಮಣೆಯ ಮೇಲೆ ಮೂರೇ ಕಟ್ಟು!

“ಭಾಳ ಛಲೋ ಆತಲ್ರಿ ಅಕ್ಕಾರ” ಎಂದೆ.

“ಮೂರು ಯಾಕ ಬೇಕು?” ಎಂದಳು. ನನ್ನ ಮಾತು ಆಕೆಗೆ ಕೇಳಿಸಿಯೇ ಇರಲಿಲ್ಲ. ಕಣ್ಣು ಮಾಳಿಗೆಯ ಕಡೆ ಇತ್ತು. “ಮ್ಯಾಲೆ ಅಷ್ಟು ಬಿಸಲು ಸುಮ್ನ ಬಿದ್ದು ಹೊಂಟೈತಿ.”

ನಾನು ಬಿಡಿಸಿ ಹೇಳಿದೆ. ಹಲಗೆ ಹಾಕಿದರಷ್ಟೇ ಸಾಲದು. ಬಿಸಿಲು ಇದ್ದಾಗ ಗಾಡಿ ಊರಲ್ಲಿರುವುದಿಲ್ಲ, ಗಾಡಿ ಬಂದು ಸ್ವಲ್ಪ ಹೊತ್ತಿಗೆ ಬಿಸಿಲು ಇರುವುದಿಲ್ಲ. ನಡುವೆ ಬಿಸಿಲನ್ನು ಹಿಡಿದಿಡಲು ದೊಡ್ಡ ಬ್ಯಾಟರಿ ಬೇಕು, ಅದು ತುಟ್ಟಿ. ಆಕೆ ಒಳಗೆ ಹೋಗಿ ಬಂದಳು. ಕೈಯಲ್ಲಿ ಎರಡು ಜೊತೆ ಪಾಟ್ಲಿ ಬಳೆ.

“ಬ್ಯಾಡ್ರಿ ಅಕ್ಕಾರ. ಬಂಗಾರ ಕೊಟ್ಟು ಬಿಸಲ ತಗೊಂಡ್ರ ಅದು ಪುಕ್ಕಟೆ ಹೆಂಗ ಆತು?”

“ಕೈಯಾಗಿದ್ದಾಗ ಇವೇನ್ ನನ್ನ ಗಾಡಿ ಎಳೀತಿದ್ದುವೇನು? ಹೋಗು, ಹಲಗಿ ತರ್ಸು.”

ಹಲಗೆ ಬಂದವು, ಬ್ಯಾಟರಿ ಬಂತು. ಆಗ ನಡೆದದ್ದೇ ಮೊದಲ ಜಗಳ. ಮಾಳಿಗೆ ಹತ್ತುವ ಮೆಟ್ಟಿಲ ತಲೆಯಲ್ಲಿ ತಗಡು ಹೊದೆಸಿದ ಪುಟ್ಟ ಖೋಲಿ ಇತ್ತು. ಹಲಗೆಗೆ ಹತ್ತಿರ, ವಾಯರ್ ಉಳಿಯುತ್ತದೆ, ಬ್ಯಾಟರಿ ಅಲ್ಲಿಡೋಣ ಎಂದೆ ನಾನು. ಎಲ್ಲ ಕಡೆ ನಾನು ಇಡುತ್ತಿದ್ದುದು ಹಾಗೆಯೇ. ನೀಲವ್ವ ನಡುಮಧ್ಯಾಹ್ನ ಬಂದು ಆ ಖೋಲಿಯ ಗೋಡೆಗೆ ಅಂಗೈ ಹಚ್ಚಿ ನೋಡಿದಳು. ಎಲೆ ನೋಡುವಾಗಲೂ ಹಾಗೆಯೇ, ಅಂಗೈ ಇಟ್ಟು ಕಣ್ಣು ಮುಚ್ಚುವಳು.

“ಮೌಲಾ, ಇದರಾಗ ನೀ ಒಂದ ತಾಸು ಕುಂದ್ರು ನೋಡೋಣು.”

“ನಾ ಯಾಕ ಕುಂದರಬೇಕ್ರಿ?”

“ಮತ್ತ ಅದ್ಯಾಕ ಕುಂದರಬೇಕು?”

ಹಟಕ್ಕೆ ಬಿದ್ದು ಕೂತೆ. ಆಕೆ ಬಾಗಿಲು ಮುಂದೆ ಮಾಡಿ, ಹೊರಗೆ ಎಲೆ ಆರಿಸುತ್ತಾ ಕುಳಿತಳು. ಹತ್ತು ನಿಮಿಷಕ್ಕೆ ಅಂಗಿ ಹಿಂಡುವಂತಾಗಿ ಹೊರಗೆ ಬಂದೆ. ಆಕೆ ತಲೆ ಎತ್ತದೆ ಕೇಳಿದಳು, “ಇದು ಯಾವ ಜಾತಿ ಮಾಲು ಅದನ್ನ ಹೇಳು. ಎಲಿಗೆ ತಂಪು ಬೇಕು, ಹಸಿ ಬೇಕು. ಜ್ವಾಳಕ್ಕ ತಂಪು ಬೇಕು, ಒಣ ಬೇಕು. ನಿನ್ನ ಬ್ಯಾಟರಿ ಎಲಿ ಜಾತಿಯೋ ಜ್ವಾಳದ ಜಾತಿಯೋ?”

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಯೋಚನೆ ಮಾಡಿ ಹೇಳಿದೆ, “ಜ್ವಾಳದ ಜಾತಿರಿ.”

“ಹಂಗಂದ್ರ ಜ್ವಾಳದ ಖೋಲ್ಯಾಗ ಇಡು.”

ಹಳೆಯ ಮನೆಯ ಹಿಂಭಾಗದಲ್ಲಿ ಎರಡು ಮೊಳ ದಪ್ಪದ ಮಣ್ಣಿನ ಗೋಡೆಯ ಖೋಲಿ. ಮೇ ತಿಂಗಳಲ್ಲೂ ಒಳಗೆ ಹೋದರೆ ಹಣೆಯ ಬೆವರು ಆರುತ್ತದೆ. ಜೋಳದ ಚೀಲಗಳನ್ನು ಪಡಸಾಲೆಗೆ ಸಾಗಿಸಿ ಆ ಜಾಗದಲ್ಲಿ ಬ್ಯಾಟರಿ ಕೂರಿಸಿದೆವು. ವಾಯರ್ ಜಾಸ್ತಿ ಹೋಯಿತು ಎಂದು ನಾನು ಗೊಣಗಿದ್ದೇ ಗೊಣಗಿದ್ದು. ಎರಡು ಬೇಸಿಗೆ ಕಳೆದ ಮೇಲೆ, ತಗಡಿನ ಕೆಳಗೆ ನಾನು ಇಟ್ಟುಬಂದ ಬೇರೆ ಮನೆಗಳ ಬ್ಯಾಟರಿಗಳು ಸೊರಗತೊಡಗಿದವು. ಒಂದೊಂದನ್ನೂ ಹೊತ್ತು ಒಳಗೆ ಸಾಗಿಸಿ ಬಂದೆ. ನೀಲವ್ವನದು ಹೊಸದರ ಹಾಗೇ ಇತ್ತು. ಆವತ್ತಿನಿಂದ ಇವತ್ತಿನವರೆಗೆ ಹೊಸ ಮನೆಗೆ ಕೆಲಸಕ್ಕೆ ಹೋದರೆ ನಾನು ಕೇಳುವ ಮೊದಲ ಮಾತು, “ಜ್ವಾಳದ ಖೋಲಿ ಎಲ್ಲೈತ್ರಿ?” ಜನ ನನಗೆ ಜೋಳ ಬೇಕೇನೋ ಎಂದು ಮುಖ ನೋಡುತ್ತಾರೆ.

ಹಾಗೆಂದು ಎಲ್ಲದರಲ್ಲೂ ಆಕೆಯೇ ಗೆದ್ದಳು ಎಂದಲ್ಲ. ನನಗೂ ಒಂದು ದಿನ ಬಂತು, ಅದನ್ನು ಹೇಳದೆ ಬಿಡುವವನಲ್ಲ ನಾನು. ಹಲಗೆ ಕೂರಿಸಿ ಹದಿನೈದು ದಿನಕ್ಕೆ ದೂರು ಬಂತು: “ಮುಂಜಾನೆ ಛಲೋ ನಡೀತಾವ, ಮಧ್ಯಾಹ್ನ ಆತಂದ್ರ ಸತ್ತು ಬೀಳತಾವ.” ಬೆಳಿಗ್ಗೆ ಹೋಗಿ ನೋಡಿದೆ, ಸರಿ ಇತ್ತು. ಇನ್ನೊಮ್ಮೆ ಹೋದೆ, ಸರಿ ಇತ್ತು. ಮೂರನೆಯ ಸಲ ಇನ್ವರ್ಟರನ್ನೇ ಬಿಚ್ಚಿ ಜೋಡಿಸಿದೆ. ದೂರು ನಿಲ್ಲಲಿಲ್ಲ. ಕಡೆಗೆ ಹೇಳದೆ ಕೇಳದೆ ಮಧ್ಯಾಹ್ನ ಎರಡು ಗಂಟೆಗೆ ಮಾಳಿಗೆ ಹತ್ತಿದೆ. ನೋಡುತ್ತೇನೆ, ನನ್ನ ಅಷ್ಟೂ ಹಲಗೆಗಳ ಮೇಲೆ ಒದ್ದೆ ಗೋಣಿತಟ್ಟು! ನೀಲವ್ವ ತಂಬಿಗೆಯಿಂದ ಅವುಗಳ ಮೇಲೆ ನೀರು ಚಿಮುಕಿಸುತ್ತಾ ನಿಂತಿದ್ದಾಳೆ.

“ಏನ್ರಿ ಇದು ಅಕ್ಕಾರ!” ಎಂದು ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿತಂತೆ.

“ಯಾಕ ಬಾಯಿ ಮಾಡ್ತಿ? ನೀನ ಹೇಳಿದ್ದಿ, ಹಲಗಿ ಭಾಳ ಕಾದ್ರ ಕಡಿಮಿ ಕೊಡತಾವ ಅಂತ. ಅದಕ್ಕ ತಂಪು ಮಾಡಾಕತ್ತೇನಿ.”

ಹೇಳಿದ್ದು ನಾನೇ, ಸುಳ್ಳಲ್ಲ. ಆದರೆ ಹೀಗೆ ಮುಚ್ಚಬಹುದೆಂದು ಸವಣೂರಿನ ಎಲೆಯವರಿಗಲ್ಲದೆ ಲೋಕದಲ್ಲಿ ಇನ್ನಾರಿಗೆ ಹೊಳೆಯಬೇಕು? ಹುಟ್ಟಿದಾಗಿನಿಂದ ಬಿಸಿಲೆಂದರೆ ವೈರಿ, ಗೋಣಿತಟ್ಟೆಂದರೆ ದೇವರು ಎಂದು ಬದುಕಿದ ಜೀವ. ನಾನು ತಟ್ಟು ಕಿತ್ತು ಎಸೆದು, ಹಲಗೆಯ ಹೊಟ್ಟೆಗೆ ಬಿಸಿಲೇ ಅನ್ನ ಎಂದು ಅರ್ಧ ತಾಸು ಬೈದೆ. ಆಕೆ ಅಷ್ಟೂ ಬೈಗುಳ ಕೇಳಿಸಿಕೊಂಡು, ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡು, “ಹಂಗಾರ ಹದಿನೈದು ದಿನ ಉಪಾಸ ಕೆಡವಿದ್ನೇನ ಅವನ್ನ!” ಎಂದಳು. ಅಂದಿನಿಂದ ಬೆಳಿಗ್ಗೆ ಹೊರಡುವ ಮೊದಲು ಹಳೆಯ ಸೀರೆಯ ತುಂಡಿನಿಂದ ಹಲಗೆಗಳ ಧೂಳು ಒರೆಸುವುದಷ್ಟೇ ಆಕೆಯ ಸೇವೆ.

ಆ ತಿಂಗಳ ಕೊನೆಗೆ ಮಣೆ ಖಾಲಿ ಆಯಿತು. ಖಾಲಿ ಮಣೆ ನೋಡಲು ಛಲೋ ಕಾಣುವುದಿಲ್ಲ ಎಂದು ಆಕೆ ಬುಟ್ಟಿಯಿಂದ ಒಂದೇ ಒಂದು ಚಿಗುರೆಲೆ ತೆಗೆದು ಅದರ ಮೇಲೆ ಇಟ್ಟು ಹೊರಟಳು. ಮಧ್ಯಾಹ್ನ ಬಂದು, ಗಾಡಿಗೆ ಪ್ಲಗ್ ಚುಚ್ಚಿ, ಕೈಕಾಲು ತೊಳೆದು, ಆ ಎಲೆಗೆ ಸುಣ್ಣ ಸವರಿ ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡಳು. “ಗಾಡಿ ಪಾಲು ನಾ ತಿಂದೆ!” ಎಂದು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ ಆ ಠೀವಿ ನೋಡಬೇಕಿತ್ತು. ದಿನಕ್ಕೆ ಅದೊಂದೇ ಎಲೆ ಆಕೆ ತಿನ್ನುತ್ತಿದ್ದುದು. ಬುಟ್ಟಿಗಟ್ಟಲೆ ಎಲೆಯ ನಡುವೆ ಬದುಕಿದರೂ ಇನ್ನೊಂದು ಮುಟ್ಟಿದವಳಲ್ಲ.

ಇಷ್ಟಾದರೂ ಶಿವಪ್ಪನ ಕರಾರು ತಲೆಯ ಮೇಲೆ ಹಾಗೇ ತೂಗುತ್ತಿತ್ತು. ಅವನು ಗಾಡಿಯನ್ನು ಮುಟ್ಟುತ್ತಿರಲಿಲ್ಲ. ಪ್ಲಗ್ಗಿನ ಹತ್ತಿರವೂ ಸುಳಿಯುತ್ತಿರಲಿಲ್ಲ. “ವೈನಿ, ಇದು ಆಟಿಗಿ ಸಾಮಾನು. ಕರೆಂಟ್ ಹೋದ ದಿನ ನೋಡೋಣಂತ” ಎನ್ನುವನು.

ಆ ದಿನ ಬಂದೇ ಬಂತು. ಲಗ್ನದ ದಿನಗಳು. ಮಧ್ಯಾಹ್ನ ಎದ್ದ ಗಾಳಿಮಳೆಗೆ ನಮ್ಮ ಕಡೆಯ ಕಂಬಗಳೆಲ್ಲ ಹೊಲದಲ್ಲಿ ಅಂಗಾತ ಬಿದ್ದವು. ಸವಣೂರಿಗಷ್ಟೇ ಅಲ್ಲ, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಎಲ್ಲ ಕಡೆ ಕರೆಂಟ್ ಇಲ್ಲ. ಮರುದಿನವೂ ಬರಲಿಲ್ಲ. ಮೇಲಾಗಿ ಇಡೀ ದಿನ ಮೋಡ. ಅಂದಿನ ಸುತ್ತು ಮುಗಿಸಿ ಗಾಡಿ ಬರಿದಾಗಿ ಬಂದಿತ್ತು. ಜೋಳದ ಖೋಲಿಯ ಬ್ಯಾಟರಿಯಲ್ಲಿ ಅರ್ಧಕ್ಕಿಂತ ತುಸು ಮೇಲೆ ಉಳಿದಿತ್ತು. ಅದರ ಮರುದಿನ ಸುತ್ತಿನ ಜೊತೆಗೆ ಮಾಸೂರಿನ ಮದುವೆ ಮನೆಗೂ ಎಲೆ ಮುಟ್ಟಬೇಕು. ಮಾಸೂರು ಹಿರೇಕೆರೂರಿನಿಂದಲೂ ಆಚೆ. ಆ ಮದುವೆಯವರಿಗೆ ಮಾತು ಕೊಟ್ಟು ಬಂದವನು ಸ್ವತಃ ಶಿವಪ್ಪ.

ನನ್ನನ್ನು ಕರೆಸಿದಳು. ಇರುವುದನ್ನೆಲ್ಲ ಗಾಡಿಗೇ ಹಾಕಿದರೆ ಎಲ್ಲಿಯವರೆಗೆ ಹೋದೀತು ಎಂದು ಕೇಳಿದಳು. ಲೆಕ್ಕ ಹಾಕಿ, ಹಾನಗಲ್ಲ ದಾಟಬಹುದು, ಮಾಸೂರು ಆಗದ ಮಾತು ಎಂದೆ. ಆಕೆ ಮನೆಯಲ್ಲಿ ಕಟ್ಟಾಜ್ಞೆ ಹೊರಡಿಸಿದಳು. ಒಂದು ಬಲ್ಬು ಹೊತ್ತಕೂಡದು. ಫ್ರಿಜ್ಜು ಬಂದ್. ಚಟ್ನಿ ಒರಳಿನಲ್ಲಿ ಅರೆಯಬೇಕು. ಶಿವಪ್ಪ ಫೋನು ಚಾರ್ಜಿಗೆ ಹಾಕಲು ಬಂದರೆ ವಾಯರನ್ನು ಕೈಯಿಂದ ಕಸಿದುಕೊಂಡಳು.

“ಒಂದ ಫೋನಿಗೆ ಎಷ್ಟು ಹೋಗ್ತೈತಿ ವೈನಿ?”

“ನಿನ್ನ ಫೋನು ಎಲಿ ಹೊರೂದಿಲ್ಲ. ಗಪ್ ಕುಂದ್ರು.”

ಬೆಳಗಿನ ಐದಕ್ಕೆ ಹೊರಟೆವು. ಜೊತೆಗೆ ಬಾ ಎಂದು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಿದ್ದಳು. ಮಣೆಯ ಮೇಲೆ ಎಂದಿನಂತೆ ಒಂದು ಎಲೆ ಇಟ್ಟಳು. ಶಿವಪ್ಪ ಕಟ್ಟೆಯ ಮೇಲೆ ಕೈಕಟ್ಟಿ ನಿಂತು ನೋಡುತ್ತಿದ್ದ. ಅವನ ಮುಖದಲ್ಲಿ ಗೆಲುವೇನೂ ಇರಲಿಲ್ಲ, ಅದು ನನಗೆ ನೆನಪಿದೆ.

ಬರಿಗಾಲ ಹೆಬ್ಬೆರಳಿನಲ್ಲಿ ಆಕೆ ಗಾಡಿ ನಡೆಸಿದ ರೀತಿಯನ್ನು ನಾನು ಹೇಗೆ ಹೇಳಲಿ! ದಿಬ್ಬ ಬಂದರೆ ಮೆಲ್ಲಗೆ, ಇಳುಕಲು ಬಂದರೆ ಕಾಲು ತೆಗೆದು ಸುಮ್ಮನೆ ಬಿಡುವುದು. ಹಾಗೆ ಬಿಟ್ಟಾಗ ಗಾಡಿ ತಾನೇ ತುಸು ಚಾರ್ಜ್ ಮಾಡಿಕೊಳ್ಳುತ್ತದೆ. ಹಿಂದಿನಿಂದ ಟ್ರ್ಯಾಕ್ಟರಿನವರು ಕೂಡ ಹಾರನ್ ಹೊಡೆದು ಮುಂದೆ ಹೋದರು. “ಹೋಗ್ರೆಪಾ, ಹೋಗ್ರಿ, ನಿಮಗ ಅವಸರ ಐತಿ” ಎಂದು ಎಲ್ಲರಿಗೂ ಕೈಮಾಡಿ ದಾರಿ ಬಿಟ್ಟಳು. ಶಿಗ್ಗಾಂವಿ ಮುಗಿಯಿತು. ಹಾನಗಲ್ಲ ಮುಗಿಯಿತು. ಹಾನಗಲ್ಲ ಬಿಟ್ಟು ಹೊರಟ ಮೇಲೆ ಚಾರ್ಜ್ ಎಷ್ಟಿದೆ ಎಂದು ತೋರಿಸುವ ಕಾಟೆಯ ಮೇಲಿಂದ ನಾನು ಕಣ್ಣು ತೆಗೆಯಲಿಲ್ಲ. ಮಳೆ ತೊಳೆದ ಆಕಾಶದಲ್ಲಿ ಬಿಸಿಲು ಮಾತ್ರ ಝಗಝಗ ಎನ್ನುತ್ತಿತ್ತು. ಆದರೆ ಆ ಬಿಸಿಲು ಹಿಡಿಯುವ ಹಲಗೆಗಳು ಸವಣೂರಿನಲ್ಲಿ!

ಚಿಕ್ಕೇರೂರಿಗೆ ಬಂದಾಗ ಕಾಟೆ ಕೆಂಪಿಗೆ ಇಳಿದಿತ್ತು. ನೀಲವ್ವ ನಿರುಮ್ಮಳವಾಗಿ ದೊಡ್ಡ ರಸ್ತೆ ಬಿಟ್ಟು, ಓಣಿ ಹಿಡಿದು, ಕಿರಾಣಿ ಅಂಗಡಿಯ ರುದ್ರಪ್ಪನ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದಳು.

“ಅಕ್ಕಾರ, ಇಲ್ಲೂ ಕರೆಂಟ್ ಇಲ್ಲರಿ. ಊರಿಗೇ ಇಲ್ಲ.”

“ಊರಿಗೆ ಇಲ್ಲ. ರುದ್ರಪ್ಪನ ಮನಿಗೆ ಐತಿ. ಹಲಗಿ ಹಾಕಿದಾಂವ ನೀನ, ಮರ್ತಿ ಏನ?”

ಮಾಳಿಗೆಯ ಮೇಲೆ ನೋಡಿದೆ. ಹೌದು, ನಾನೇ ಹಾಕಿದ ಹಲಗೆಗಳು. ಅಂಗಳದ ಗೋಡೆ ನೋಡಿದೆ. ನಾನೇ ಕೂರಿಸಿದ ದೊಡ್ಡ ಸಾಕೆಟ್, ಮಳೆ ತಾಗದಂತೆ ಮುಚ್ಚಳ ಸಹಿತ. ಕೆಲಸ ಮಾಡಿಸುವಾಗ ರುದ್ರಪ್ಪ, “ಹೊರಗ ಅಂಗಳದಾಗ ಒಂದ ದೊಡ್ಡ ಸಾಕೆಟ್ ಇರ್ಲಿ” ಎಂದಿದ್ದ. ಹಿರೇಬೆಂಡಿಗೇರಿಯವರು ಹಾಗೇ ಅಂದಿದ್ದರು. ಶಿಗ್ಗಾಂವಿಯ ಪಾನ್ ಅಂಗಡಿಯವರು, ಹಾನಗಲ್ಲಿನವರು, ಎಲ್ಲರೂ ಹೊರಗೊಂದು ದೊಡ್ಡ ಸಾಕೆಟ್ ಕೇಳಿದ್ದರು. ಈಗಿನ ಜನಕ್ಕೆ ಅದೊಂದು ಶೋಕಿ ಎಂದುಕೊಂಡು ನಾನು ಹಾಕಿಕೊಟ್ಟು ಬಂದಿದ್ದೆ. ಎರಡು ವರ್ಷದಿಂದ ನನ್ನ ಕೆಲಸ ನಾಲ್ಕು ತಾಲೂಕಿಗೆ ಹಬ್ಬಿದ್ದು ನನ್ನ ಕೈಗುಣದಿಂದ ಎಂದು ಬೀಗುತ್ತಿದ್ದೆ ಬೇರೆ.

“ಇವರೆಲ್ಲಾ...” ಎಂದೆ.

“ಎಲ್ಲಾ ನನ್ನ ಗಿರಾಕಿಗೋಳು” ಎಂದಳು ಪ್ಲಗ್ ಚುಚ್ಚುತ್ತಾ. “ನಾನ ನಿನ್ನ ಹೆಸರು ಹೇಳಿದ್ನಿ. ಬಳ್ಳಿ ಹಚ್ಚೂಕಿಂತ ಮೊದಲ ತ್ವಾಟದಾಗ ಏನ್ ಹಚ್ತಾರ ಹೇಳು?”

“ನುಗ್ಗಿ, ಚೊಗಚಿ.”

“ಯಾಕ?”

“ಬಳ್ಳಿ ಹಬ್ಬಾಕ.”

“ಮತ್ತ? ಸವಣೂರಿಂದ ಹಿರೇಕೆರೂರ ತನಾ ನಾ ಹಬ್ಬಬೇಕು ಅಂದ್ರ ನಡುವ ಗಿಡಾ ಬ್ಯಾಡೇನು?”

“ಹಂಗಾರ ಇಷ್ಟ ದಿನಾ ಯಾಕ ಒಂದ ಸಲಾನೂ ಇಲ್ಲಿ ಹಚ್ಚಲಿಲ್ರಿ? ನನಗರೆ ಯಾಕ ಹೇಳಲಿಲ್ಲ?”

“ಮನ್ಯಾಗ ಹೊಟ್ಟಿ ತುಂಬ ಉಂಡು ಬಂದಾಕಿ ಮಂದಿ ಮನ್ಯಾಗ ಯಾಕ ಉಣ್ಣಲಿ? ಇವತ್ತ ಹಸಿವ್ಯಾಗೇತಿ, ಬಂದೇನಿ. ನಿನಗ ಹೇಳಿದ್ರ ಊರೆಲ್ಲಾ ಸಾರಿ ಬರ್ತಿದ್ದಿ.”

ರುದ್ರಪ್ಪನ ಮನೆಯವರು ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ನೀಲವ್ವ ಮೂರು ರೊಟ್ಟಿ ಉಂಡು ಮಜ್ಜಿಗೆ ಕುಡಿದಳು. ಒಂದೂವರೆ ತಾಸು ಬಿಸಿಲು ಕುಡಿದ ಗಾಡಿ ಮತ್ತೆ ಹೊರಟಿತು. ಹಿರೇಕೆರೂರಿನ ಅಂಗಡಿಗಳಿಗೆ ತುಸು ತಡವಾಯಿತು, ಆದರೆ ಯಾರೂ ಬೇರೆ ಕಡೆ ಹೋಗಿರಲಿಲ್ಲ. ಮದಗದ ಕೆರೆ ಕಣ್ಣಿಗೆ ಬಿದ್ದಾಗ ನಾನು ಸೀಟಿನಲ್ಲಿ ಕೂತೇ ಚಪ್ಪಾಳೆ ಹೊಡೆದೆ. ಮಾಸೂರಿನ ಮದುವೆ ಮನೆಯಲ್ಲಿ ಇನ್ನೂ ಅಕ್ಷತೆ ಬಿದ್ದಿರಲಿಲ್ಲ. ಹೆಣ್ಣಿನ ತಂದೆ ಓಡಿ ಬಂದು ಬುಟ್ಟಿ ಇಳಿಸಿಕೊಳ್ಳುತ್ತಾ, “ಇಂಥಾದ್ರಾಗ ಹೆಂಗ ಬಂದ್ರಿ ನೀಲವ್ವಾರ?” ಎಂದು ಕೇಳಿದ.

“ಬಿಸಲಾಗ ಬಂದ್ನಿ” ಎಂದಳು.

ಬರುವಾಗ ಬಂದ ದಾರಿಯಲ್ಲೇ ಮರಳಿ ಚಿಕ್ಕೇರೂರಿನಲ್ಲಿ ಮತ್ತೊಮ್ಮೆ, ಹಾನಗಲ್ಲಿನಲ್ಲಿ ಇನ್ನೊಮ್ಮೆ ಚಾರ್ಜ್ ಹಾಕಿ ಸವಣೂರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಶಿವಪ್ಪನ ಫೋನು ಸತ್ತಿದ್ದರಿಂದ ಅವನಿಗೆ ಯಾವ ಸುದ್ದಿಯೂ ಮುಟ್ಟಿರಲಿಲ್ಲ. ನಡುರಸ್ತೆಯಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ತಪ್ಪಿತೇನ ವೈನಿ?” ಎಂದ. ಧ್ವನಿ ಸಣ್ಣಗಾಗಿತ್ತು.

“ಒಂದ ಎಲಿ ಸೈತ ತಪ್ಪಲಿಲ್ಲ. ಮಾಸೂರಿಗೂ ಮುಟ್ಟಿತು.”

ಶಿವಪ್ಪ ಖಾಲಿ ಬುಟ್ಟಿಗಳನ್ನು ನೋಡಿದ. ಗಾಡಿಯನ್ನು ಒಂದು ಸುತ್ತು ಹಾಕಿ ಬಂದ. ಆಮೇಲೆ ಆಕೆಯ ಕೈಯಿಂದ ಪ್ಲಗ್ ಇಸಿದುಕೊಂಡು, “ಎಲ್ಲೆ ಚುಚ್ಚೂದು ಇದನ್ನ?” ಎಂದು ಕೇಳಿದ. ಆಕೆ ತೋರಿಸಿದಳು. ಅವನೇ ಚುಚ್ಚಿದ. ಆಗ ನೀಲವ್ವ ಕಟ್ಟೆಯ ಮೇಲೆ ಕೂತು ಮಣೆಯ ಮೇಲಿನ ಎಲೆ ಎತ್ತಿಕೊಂಡು ಸುಣ್ಣ ಸವರುತ್ತಾ, “ಆ ಕರಾರು ಇನ್ನೂ ಐತೇನಪಾ?” ಎಂದಳು.

“ಯಾವ ಕರಾರು?” ಎಂದ ಶಿವಪ್ಪ.

ಮುಂದೆ ಆಕೆ ಅವನಿಗೂ ಗಾಡಿ ಕಲಿಸಿದಳು. ಹೋದ ವರ್ಷ ಕೊನೆಯ ಸಲ ನಾನು ಆಕೆಯನ್ನು ನೋಡಿದ್ದು ಒಂದು ಸಂಜೆ. ಮಾಳಿಗೆಯ ಮೇಲೆ ಇನ್ನೆರಡು ಹಲಗೆ ಕೂರಿಸುವ ಜಾಗ ತೋರಿಸಲು ಕರೆದಿದ್ದಳು. ಎಂದಿನಂತೆ ಜಗಳವಾಯಿತು. ನಾನು ಉತ್ತರದ ಮೂಲೆ ಬೇಡ ಎಂದೆ, ಆಕೆ ಅಲ್ಲೇ ಇರಲಿ ಎಂದಳು. “ನಾಳೆ ಮಧ್ಯಾಹ್ನ ಬಾ, ನೆಳ್ಳು ಎಲ್ಲಿ ಬೀಳ್ತೈತಿ ಇಬ್ರೂ ನಿಂತು ನೋಡೋಣು” ಎಂದು ಕಳಿಸಿದಳು. ಮರುದಿನ ಬೆಳಕು ಹರಿಯುವ ಮೊದಲೇ ಸುದ್ದಿ ಬಂತು. ಮಲಗಿದಲ್ಲೇ ಹೋಗಿಬಿಟ್ಟಿದ್ದಳು.

ಕಾಲಲ್ಲಿ ಚಪ್ಪಲಿ ಇಲ್ಲದೆ ಓಡಿದೆ. ಪಡಸಾಲೆಯಲ್ಲಿ ಆಕೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಅಂಗಳದಲ್ಲಿ ಗಾಡಿ ಇರಲಿಲ್ಲ. ಶಿವಪ್ಪನೂ ಇರಲಿಲ್ಲ. ಓಣಿಯ ಹಿರಿಯರು ಸಿಟ್ಟಿಗೆದ್ದಿದ್ದರು. ಮನೆಯಲ್ಲಿ ಹೆಣ ಇಟ್ಟುಕೊಂಡು ಎಲೆ ಮಾರಲು ಹೋಗುವುದೆಂದರೇನು, ತಡೆದರೂ ಕೇಳಲಿಲ್ಲ ಎಂದರು. ತಡೆದವರಿಗೆ ಅವನು ಹೇಳಿದ ಮಾತನ್ನು ಪಕ್ಕದ ಮನೆಯವರು ನನಗೆ ಹೇಳಿದರು: “ಇವತ್ತ ತಪ್ಪಿಸಿದ್ರ ಆಕಿ ಎದ್ದು ಬಂದು ನನಗ ಬೈತಾಳ. ಕರಾರು ಹಾಕಿದಾಂವ ನಾನ. ನಾ ಬರೂತನಾ ಎತ್ತಬ್ಯಾಡ್ರಿ.”

ಕಟ್ಟೆಯ ಮೇಲಿನ ಮಣೆ ನೋಡಿದೆ. ನಡುವೆ ಒಂದು ಚಿಗುರೆಲೆ ಇತ್ತು.

ಮಧ್ಯಾಹ್ನ ಒಂದೂವರೆಗೆ ಗಾಡಿ ಬಂತು. ಅದರ ಹಿಂದೆ ಶಿಗ್ಗಾಂವಿಯವರು, ಹಾನಗಲ್ಲಿನವರು, ಚಿಕ್ಕೇರೂರಿನ ರುದ್ರಪ್ಪ, ಹಿರೇಕೆರೂರಿನ ಅಂಗಡಿಯವರು ಸಿಕ್ಕ ಸಿಕ್ಕ ಗಾಡಿ ಹತ್ತಿ ಬಂದಿದ್ದರು. ಓಣಿ ತುಂಬಿತು. ಶಿವಪ್ಪ ಬರಿಗಾಲಲ್ಲಿ ಇಳಿದ. ಖಾಲಿ ಬುಟ್ಟಿಗಳನ್ನು ಎಲ್ಲರಿಗೂ ಕಾಣುವಂತೆ ಅಂಗಳದಲ್ಲಿ ಸಾಲಾಗಿ ಇಟ್ಟ. ಮೊದಲು ಪ್ಲಗ್ ಚುಚ್ಚಿದ. ಕೈಕಾಲು ತೊಳೆದ. ಮಣೆಯ ಮೇಲಿನ ಎಲೆ ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ, ಪಡಸಾಲೆಗೆ ಹೋಗಿ ಆಕೆಯ ಮಡಿಲಲ್ಲಿ ಇಟ್ಟ.

“ನಾಲ್ಕೂ ಊರಿಗೆ ಮುಟ್ಟಿತು ವೈನಿ” ಎಂದ. “ತಗೋ, ಗಾಡಿ ಪಾಲು.”